ಮಾಸ್ತರ ಬಿಚ್ಚದ ಬಿಳಿ ನೂಲು

ಪಾಂಡಪ್ಪ ಮಾಸ್ತರ ನಕ್ಕದ್ದನ್ನು ನೋಡಿದವರು ಆ ವಸ್ತಿಯಲ್ಲಿ ಇಬ್ಬರೋ ಮೂವರೋ ಇದ್ದರು. ಅವರೂ ಗುಡಿಯ ಮುಂದೆ ನಿಂತು ಆಣೆ ಮಾಡಿ ಹೇಳಲು ತಯಾರಿರಲಿಲ್ಲ. ಸಿಟ್ಟು ಮಾತ್ರ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹುಡುಗರು ತಡವಾಗಿ ಬಂದರೆ ಸಿಟ್ಟು, ಪಾಟಿ ಒರೆಸದೆ ತಂದರೆ ಸಿಟ್ಟು, ಉಗುಳು ಹಚ್ಚಿ ಒರೆಸಿದರೆ ಎರಡರಷ್ಟು ಸಿಟ್ಟು. ಇಷ್ಟೆಲ್ಲ ಇದ್ದೂ ಕೈಯಲ್ಲಿ ಛಡಿ ಹಿಡಿದವನಲ್ಲ. "ಹೊಡಿಯೂದಿಲ್ಲ ಅಂದಮ್ಯಾಲ ಇಂವಗ ಸಿಟ್ಟರ ಯಾಕ ಬೇಕು?" ಎಂದು ಊರ ಗಂಡಸರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

ಯಾಕೆ ಬೇಕಿತ್ತು ಎಂಬುದು ಆ ಕಟ್ಟೆಯವರಿಗೆ ತಿಳಿಯುವಂಥದ್ದಲ್ಲ. ಅವರಲ್ಲಿ ಯಾರನ್ನೂ ನಾಲ್ಕು ವರ್ಷ ಚಪ್ಪಲಿಗಳ ಮಗ್ಗುಲಲ್ಲಿ ಕೂಡಿಸಿರಲಿಲ್ಲ.

ಪಾಂಡಪ್ಪ ಲೋಕಾಪುರದ ಕಡೆಯ ಕುರುಬರ ಹುಡುಗ. ಏಳು ವರ್ಷದವನಿದ್ದಾಗ ಕುರಿಹಟ್ಟಿಯಿಂದ ಎದ್ದು ನೇರ ಸಾಲೆಗೆ ಹೋದ. ಮೊದಲ ದಿನ ಅವನಿಗೆ ಒಂದಕ್ಷರ ಬರಲಿಲ್ಲ. ಬರುವುದಾದರೂ ಹೇಗೆ, ಕುರಿ ಕಲಿಸುತ್ತವೆಯೇ? ಅಲ್ಲಿನ ಮಾಸ್ತರರು ಅವನನ್ನು ಬಾಗಿಲ ಬಳಿ, ಎಲ್ಲರೂ ಚಪ್ಪಲಿ ಬಿಡುವ ಜಾಗದಲ್ಲಿ, ದಡ್ಡರ ಸಾಲಿನ ಕೊನೆಗೆ ಕೂಡಿಸಿದರು. ಆರು ತಿಂಗಳಲ್ಲಿ ಅವನು ಮುಂದಿನ ಸಾಲಿನವರು ಓದುವುದನ್ನು ಕೇಳಿ ಕೇಳಿಯೇ ಓದಲು ಕಲಿತ. ಒಂದು ದಿನ ಧೈರ್ಯ ಮಾಡಿ ಎದ್ದು ನಿಂತು ಓದಿದಾಗ, "ಬಾಯಿಪಾಠ ಮಾಡ್ಯಾನ, ಕೂಡ್ರಲೇ" ಎಂದರು. ಕೂತ. ನಾಲ್ಕು ವರ್ಷ ಅಲ್ಲೇ ಕೂತ. "ಹೊಡದಿದ್ರ ಮರೀತಿದ್ದೆ. ಕುಂಡ್ರಿಸಿ ಮರತಬಿಟ್ರಲ್ಲ, ಅದನ್ನ ಮಾತ್ರ ಮರಿಯೂದಿಲ್ಲ" ಎಂದು ದೊಡ್ಡವನಾದ ಮೇಲೂ ಹೇಳುತ್ತಿದ್ದ.

ಆ ಸಿಟ್ಟಿನ ಮೇಲೆಯೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿದ, ಮಾಸ್ತರನಾದ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು ಐದು ವರ್ಷವಾಗಿತ್ತು. ಚಿಮ್ಮಡದಿಂದ ಅರ್ಧ ಹರದಾರಿ ಆಚೆ, ಕುರುಬರೂ ಒಕ್ಕಲು ಮಕ್ಕಳೂ ಇದ್ದ ಒಂದು ವಸ್ತಿಗೆ ಸ್ಕೂಲ್ ಬೋರ್ಡಿನವರು ಸಾಲೆ ಮಂಜೂರು ಮಾಡಿದರು, ಕಟ್ಟಡ ಕೊಡಲಿಲ್ಲ. ಬೀರಪ್ಪನ ಗುಡಿಯ ಸುತ್ತಲಿನ ಪೌಳಿಯೇ ಸಾಲೆಯಾಯಿತು. ನಾಲ್ಕು ಇಯತ್ತೆ, ನಲವತ್ತೇಳು ಮಕ್ಕಳು, ಒಬ್ಬನೇ ಮಾಸ್ತರ.

ನಲವತ್ತೇಳು ಜನಕ್ಕೆ ಒಂದೇ ಪಾಠ ಹೇಳಿದರೆ ಹತ್ತು ಜನಕ್ಕೆ ತಿಳಿಯುತ್ತದೆ, ಹತ್ತು ಜನಕ್ಕೆ ಮೊದಲೇ ತಿಳಿದಿರುತ್ತದೆ, ಉಳಿದವರು ಗುಡಿಯ ಪಾರಿವಾಳ ಎಣಿಸುತ್ತಾರೆ. ಮೊದಲ ವಾರದಲ್ಲೇ ಪಾಂಡಪ್ಪನಿಗೆ ಇದು ಕಂಡಿತು. ಆಗ ಅವನಿಗೆ ನೆನಪಾದದ್ದು ಧಾರವಾಡದ ಟ್ರೇನಿಂಗ್ ಅಲ್ಲ, ಅಪ್ಪನ ಕುರಿಹಟ್ಟಿ. ಅಪ್ಪ ದಿನಾ ಸಂಜೆ ಕುರಿ ಕೂಡಿಹಾಕುವ ತಟ್ಟಿಯ ಬಾಯಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದ. ಹಾಲು ಕುಡಿಯುವ ಮರಿ ಒಂದು ಕಡೆ, ಗಬ್ಬದ ಕುರಿ ಒಂದು ಕಡೆ, ಕಾಲು ಕುಂಟುವವು ಬೆಂಕಿಯ ಹತ್ತಿರ. ಮರುದಿನ ಸಂಜೆ ಮತ್ತೆ ಮೊದಲಿನಿಂದ. ನಿನ್ನೆ ಕುಂಟಿದ್ದು ಇಂದು ನೆಟ್ಟಗೆ ನಡೆದರೂ ಅದನ್ನು ಕುಂಟುವವುಗಳ ಜೊತೆಗೇ ಕೂಡಿಹಾಕುವಷ್ಟು ಹುಚ್ಚ ಕುರುಬ ಈ ಭೂಮಿಯ ಮೇಲೆ ಹುಟ್ಟಿಲ್ಲ. ಅಪ್ಪ ಇನ್ನೊಂದು ಮಾತು ಹೇಳುತ್ತಿದ್ದ: "ಒದರೂ ಮರೀದು ಚಿಂತಿ ಮಾಡಬ್ಯಾಡೋ. ಸುಮ್ನ ನಿಂತದ್ದ ನೋಡು." ಈ ಎರಡನೆಯ ಮಾತನ್ನು ಪಾಂಡಪ್ಪ ಬಾಯಲ್ಲಿ ಇಟ್ಟುಕೊಂಡಿದ್ದ, ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ಅದು ಮುಂದೆ ಬರುತ್ತದೆ.

ಬನಹಟ್ಟಿಯಲ್ಲಿ ಜಕ್ಕಪ್ಪನೆಂಬ ನೇಕಾರ ಅವನ ಗೆಳೆಯ. ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳನ್ನು ಪಾಂಡಪ್ಪ ಅವನಿಂದ ಒಂದು ಗಂಟು ಕಟ್ಟಿಸಿಕೊಂಡು ಬಂದ. ಬಿಳಿ, ಹಳದಿ, ಕೆಂಪು. ಓದಿಗೆ ಎಡಗೈ, ಲೆಕ್ಕಕ್ಕೆ ಬಲಗೈ. ಈಗಷ್ಟೇ ಕಲಿಯತೊಡಗಿದವರಿಗೆ ಬಿಳಿ, ಕೈ ಹಿಡಿದು ನಡೆಸಿದರೆ ನಡೆಯುವವರಿಗೆ ಹಳದಿ, ತಾವೇ ನಡೆಯುವವರಿಗೆ ಕೆಂಪು. ಮುಂಜಾನೆ ಬಲಗೈ ನೋಡಿ ಗುಂಪಾಗಿ ಕೂಡುವುದು, ಮಧ್ಯಾಹ್ನ ಎಡಗೈ ನೋಡಿ ಎದ್ದು ಬೇರೆ ಗುಂಪಿಗೆ ಹೋಗುವುದು. ಕೆಂಪಿನವರು ಬೇವಿನ ಗಿಡದ ಕೆಳಗೆ ಕೂತು ಒಬ್ಬರಿಗೊಬ್ಬರು ಓದಿ ಹೇಳಬೇಕು. ಹಳದಿಯವರಿಗೆ ಒಬ್ಬ ಕೆಂಪಿನವನು ಉಕ್ತಲೇಖನ ಹೇಳಬೇಕು. ಬಿಳಿಯವರ ಹತ್ತಿರ ಮಾಸ್ತರನೇ ಕೂಡುತ್ತಿದ್ದ. ಹೊಸದಾಗಿ ಬಂದವರಿಗೆ ಎಡಗೈಗೆ ಮಾತ್ರ ಒಂದು ಬಿಳಿ ನೂಲು; ಬಲಗೈ ಆಮೇಲೆ. ಎಲ್ಲಕ್ಕಿಂತ ಮುಖ್ಯವಾದದ್ದು ಶನಿವಾರ. ಅಂದು ಮುಂಜಾನೆಯ ಸಾಲೆ. ಒಬ್ಬೊಬ್ಬರೇ ಬಂದು ನಾಲ್ಕು ಸಾಲು ಓದಬೇಕು, ಎರಡು ಲೆಕ್ಕ ಮಾಡಬೇಕು. ಹಳೆಯ ನೂಲು ಬಿಚ್ಚಿ ಆ ವಾರದ ನೂಲು ಕಟ್ಟುವುದು. ಬಿಚ್ಚದ ಶನಿವಾರವಿಲ್ಲ.

ಇದಕ್ಕೆ ಊರು ಸುಮ್ಮನಿರುತ್ತದೆಯೇ? ಹತ್ತೆಕರೆ ತೋಟದ ಬಾಳಾಸಾಹೇಬ ಒಂದು ದಿನ ಮಗನ ರಟ್ಟೆ ಹಿಡಿದು ಎಳೆದುಕೊಂಡು ಬಂದ.

"ಏನ್ ಮಾಸ್ತರ, ನನ್ನ ಮಗಗ ಬಿಳೀ ನೂಲೇನು? ಕುರಿ ಕಾಯೂ ಹುಡುಗರ ಜೋಡಿ?"

"ಎಡಗೈ ಬಿಳೇದೈತಿ, ಬಲಗೈ ಹಳದಿ ಐತಿ. ಎರಡೂ ಕೈ ನೋಡಿ ಮಾತಾಡ್ರಿ," ಎಂದ ಪಾಂಡಪ್ಪ.

"ನಾ ಯಾರು ಗೊತ್ತೈತಿಲ್ಲೋ?"

"ಗೊತ್ತೈತ್ರಿ. ನಿಮಗ ನೂಲು ಕಟ್ಟೂದಿಲ್ಲ ನಾ, ನಿಮ್ಮ ಮಗಗ ಕಟ್ಟತೇನಿ. ಶನಿವಾರ ಬರ್ರಿ, ಓದೂದು ಕೇಳ್ರಿ. ಓದಿದ್ರ ನೀವ ಬಿಚ್ಚರಿ."

ಬಾಳಾಸಾಹೇಬ ಬಂದ, ಕೇಳಿದ. ಮಗ ಮೂರನೆಯ ಸಾಲಿಗೆ ಎಡವಿ ಬಿದ್ದ. ಅಪ್ಪ ಎದ್ದು ಹೋದ. ಆದರೆ ಅದೇ ಹುಡುಗ ದಸರೆಯ ಹೊತ್ತಿಗೆ ಲೆಕ್ಕದಲ್ಲಿ ಕೆಂಪಾದ, ಓದಿನಲ್ಲಿ ಹಳದಿಯಾದ. ಪಾಂಡಪ್ಪನಿಗೆ ತನ್ನ ಕೆಲಸದ ಮೇಲೆ ಒಳಗೊಳಗೇ ಸೊಕ್ಕು ಬಂತು. ನನ್ನ ಸಾಲೆಯಲ್ಲಿ ಯಾರೂ ಬಾಗಿಲ ಬಳಿ ಉಳಿಯುವುದಿಲ್ಲ ಎಂದು ಬನಹಟ್ಟಿಯ ಸಂತೆಯಲ್ಲಿ ಸಿಕ್ಕ ಬೇರೆ ಮಾಸ್ತರರ ಮುಂದೆಯೂ ಒದರಿ ಬಂದ. ಅವರನ್ನು ಬೈದೂ ಬಂದ.

ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸಲು ಹೋಗುವವರು ಇರುತ್ತಾರಲ್ಲ, ಪಾಂಡಪ್ಪನೂ ಆ ಜಾತಿಯವನೇ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಆ ಹೆಗ್ಗಣದ ಕಥೆ ಹೀಗೆ. ಕುರಿ ಕಾಯುವ ಕಾಶಪ್ಪನಿಗೆ ಇಬ್ಬರು ಮಕ್ಕಳು. ಹನ್ನೊಂದು ವರ್ಷದ ರಾಮಣ್ಣ ಎರಡು ವರ್ಷದಿಂದ ಸಾಲೆಗೆ ಬರುತ್ತಿದ್ದ. ಒಂಬತ್ತು ವರ್ಷದ ಸೋಮವ್ವ ಆ ಜೂನಿನಲ್ಲಿ ಹೊಸದಾಗಿ ಬಂದಳು. ತಾಯಿ ಇರಲಿಲ್ಲ, ಅಪ್ಪನ ತಾಯಿ ಸಾತವ್ವ ಸಾಕಿದ್ದಳು. ಪಾಂಡಪ್ಪ ಸೋಮವ್ವನ ಎಡಗೈಗೆ ಬಿಳಿ ನೂಲು ಕಟ್ಟಿದ. ಮೂರನೆಯ ವಾರ ಹುಡುಗಿಗೆ ಜ್ವರ ಬಂತು. ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಸಾತವ್ವ ಬೀರಪ್ಪನ ಗುಡಿಯ ಅರಿಶಿನದ ಭಂಡಾರ ತಂದು ಹಣೆಗೆ ಹಚ್ಚಿದಳು, ಕೈಯಲ್ಲಿದ್ದ ಆ ನೂಲಿಗೂ ಹಚ್ಚಿದಳು. ಬೀರಪ್ಪನ ಪೌಳಿಯಲ್ಲಿ ಕಟ್ಟಿದ ನೂಲು, ಭಂಡಾರ ಬಿದ್ದ ನೂಲು. ಹತ್ತನೆಯ ದಿನ ಜ್ವರ ಇಳಿಯಿತು. ಇನ್ನು ಅದು ಮಾಸ್ತರನ ನೂಲಾಗಿ ಉಳಿಯುತ್ತದೆಯೇ?

ಶನಿವಾರ ಪಾಂಡಪ್ಪ ಅದನ್ನು ಬಿಚ್ಚಲು ಕೈ ಹಾಕಿದಾಗ ಸಾತವ್ವ ಪೌಳಿಯ ಹೊರಗಿನಿಂದ ಕೂಗಿದಳು: "ಬ್ಯಾಡೋ ಯಪ್ಪಾ, ಬ್ಯಾಡ! ಬೀರಪ್ಪಗ ಹರಕಿ ಹೊತ್ತೇನಿ. ದೀಪಾವಳಿ ಆದಮ್ಯಾಲ ಹಿಂಡು ಹೊಳೀಗೆ ಹೋಗಿ ಸುಖದಿಂದ ತಿರಿಗಿ ಬರೂತನಾ ಬಿಚ್ಚಾಂಗಿಲ್ಲ."

ಬಾಳಾಸಾಹೇಬನ ಮುಂದೆ ಗುಡುಗಿದ ಬಾಯಿ ಆ ಮುದುಕಿಯ ಮುಂದೆ ಮುಚ್ಚಿಕೊಂಡಿತು. ಪಾಂಡಪ್ಪನ ಮನೆಯ ದೇವರೂ ಬೀರಪ್ಪನೇ. ಅವನ ಅವ್ವನೂ ಹೀಗೆಯೇ ಭಂಡಾರ ಹಚ್ಚುತ್ತಿದ್ದಳು. "ಆತು ಬಿಡಬೇ ಆಯಿ," ಎಂದುಬಿಟ್ಟ. ಜನ್ಮದಲ್ಲಿ ಒಮ್ಮೆ ಸಿಟ್ಟು ಮಾಡಬೇಕಾದಲ್ಲಿ ಮಾಡಲಿಲ್ಲ. ನೂಲು ಬಿಚ್ಚದಿದ್ದರೆ ಬೇಡ, ಹುಡುಗಿಯನ್ನಾದರೂ ಕೇಳಬೇಕಿತ್ತು. ಪಕ್ಕದಲ್ಲಿ ಇನ್ನೊಂದು ನೂಲು ಕಟ್ಟಿದ್ದರೆ ಯಾವ ದೇವರು ಬೇಡ ಎನ್ನುತ್ತಿದ್ದ? ಹೇಗೂ ಬಿಚ್ಚುವಂತಿಲ್ಲ, ಓದಿಸಿ ಏನು ಎಂದು ಮುಂದಿನ ಶನಿವಾರ ಅವಳನ್ನು ದಾಟಿಸಿ ಮುಂದಿನ ಹುಡುಗನನ್ನು ಕರೆದ. ಅದರ ಮುಂದಿನ ಶನಿವಾರವೂ ದಾಟಿಸಿದ. ಮೂರನೆಯ ಶನಿವಾರದ ಹೊತ್ತಿಗೆ ದಾಟಿಸುತ್ತಿದ್ದೇನೆ ಎಂಬುದೂ ನೆನಪಿರಲಿಲ್ಲ. ಕಣ್ಣು ಕೈಯ ಮೇಲೆ ಹೋಗುತ್ತಿತ್ತು, ಅರಿಶಿನದ ಕೆಳಗಿನ ಬಿಳಿ ಕಾಣುತ್ತಿತ್ತು, ಬಿಳಿಯವರ ನಡುವೆ ಕೂಡಿಸುತ್ತಿದ್ದ. ಸೋಮವ್ವ ಒದರುವ ಮರಿಯಲ್ಲ. ಕೂಡು ಅಂದಲ್ಲಿ ಕೂತಳು.

ದೀಪಾವಳಿಯ ಹಿಂದಿನ ವಾರ ಕಾಶಪ್ಪ ಪೌಳಿಯ ಮೆಟ್ಟಿಲ ಮೇಲೆ ಬಂದು ನಿಂತ. ಪಾಂಡಪ್ಪ ಹಳದಿಯವರ ಉಕ್ತಲೇಖನ ತಿದ್ದುತ್ತಿದ್ದ.

"ಮಾಸ್ತರ್ರ, ಹಬ್ಬ ಮುಗದು ನಾಕ ದಿನಕ್ಕ ಹಿಂಡು ತುಬಚಿ ಕಡೆ ಹೊಳೀ ದಂಡಿಗೆ ಹೊಡಕೊಂಡ ಹೊಕ್ಕೇನಿ. ಮರಿ ನೋಡಾಕ ಒಂದು ಕೂಸು ಜೋಡಿ ಬೇಕು. ಒಂದನ್ನ ಸಾಲಿಗೆ ಬಿಡತೇನಿ. ಯಾರನ್ನ ಬಿಡ್ಲಿ?"

ಪಾಂಡಪ್ಪ ಪಾಟಿಯಿಂದ ಕಣ್ಣು ಎತ್ತಲಿಲ್ಲ. "ಸೋಮವ್ವ ಇನ್ನೂ ಬಿಳೀ ನೂಲಿನ್ಯಾಗ ಅದಾಳು. ರಾಮಣ್ಣ ಇರ್ಲಿ," ಎಂದ.

"ಆತ್ರಿ," ಎಂದು ಕಾಶಪ್ಪ ಹೋದ. ಒಂದು ಹುಡುಗಿಯ ಸಾಲೆ ಅಷ್ಟರಲ್ಲಿ ಮುಗಿಯಿತು. ಲೋಕಾಪುರದ ಆ ಹಳೆಯ ಮಾಸ್ತರರೂ ಇಷ್ಟು ಬೇಗ ಕೆಲಸ ಮುಗಿಸಿರಲಿಲ್ಲ.

ಹಿಂಡು ಹೊರಡುವ ಹಿಂದಿನ ದಿನ, ಶುಕ್ರವಾರ, ಇನ್‌ಸ್ಪೆಕ್ಟರ ಸಾಹೇಬರು ತಪಾಸಣೆಗೆ ಬಂದರು. ಜಮಖಂಡಿಯ ಸದಾಶಿವರಾಯರು, ಕರಿ ಟೋಪಿ, ಮುಚ್ಚು ಕಾಲರಿನ ಕೋಟು. ಚಿಮ್ಮಡದ ತನಕ ಸರ್ವಿಸ್ ಮೋಟಾರು, ಅಲ್ಲಿಂದ ಚಕ್ಕಡಿ. ಇವರು ನೂಲು ನೋಡಿ ಬೈಯುತ್ತಾರೆ, ಇಯತ್ತೆಯ ಪ್ರಕಾರ ಸಾಲು ಹಚ್ಚಿ ಕೂಡಿಸು ಎನ್ನುತ್ತಾರೆ, ಆಗ ಹೀಗೆ ಹೇಳುತ್ತೇನೆ, ಹಾಗೆ ಹೇಳುತ್ತೇನೆ ಎಂದು ಪಾಂಡಪ್ಪ ಮೂರು ದಿನದಿಂದ ಜಗಳವನ್ನು ಬಾಯಿಪಾಠ ಮಾಡಿಕೊಂಡಿದ್ದ.

"ಏನ್ರೀ ಮಾಸ್ತರ, ಹುಡುಗರಿಗೆಲ್ಲಾ ಕಂಕಣ ಕಟ್ಟೀರಿ? ಲಗ್ನ ಅದ ಏನು?" ಎಂದರು ಸಾಹೇಬರು.

ಪಾಂಡಪ್ಪ ಒಂದೇ ಉಸಿರಿಗೆ ಎಲ್ಲ ಹೇಳಿದ. ಎಡಗೈ, ಬಲಗೈ, ಶನಿವಾರ, ಅಪ್ಪನ ಕುರಿಹಟ್ಟಿ. ಸಾಹೇಬರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೇಳಿದರು.

"ವಿಚಾರ ಛಲೋ ಅದ," ಎಂದರು.

ಜಗಳಕ್ಕೆಂದು ಟೊಂಕ ಕಟ್ಟಿ ನಿಂತವನಿಗೆ ಎದುರಿನವನು ಸೈ ಅಂದರೆ ಬರುವ ಸಿಟ್ಟು ಬೇರೆಯೇ. ಪಾಂಡಪ್ಪ ಅದನ್ನು ನುಂಗಿಕೊಂಡು ಲೆಕ್ಕದ ಕೆಂಪು ಗುಂಪನ್ನು ಎಬ್ಬಿಸಿ ನಿಲ್ಲಿಸಿದ.

"ಒಂದು ಹಿಂಡಿನ್ಯಾಗ ಏಳು ಇಪ್ಪತ್ತು ಕುರಿ ಅವ," ಎಂದರು ಸಾಹೇಬರು. "ಅದರಾಗ ಕಾಲು ಭಾಗ ಅಣ್ಣತಮ್ಮಗ ಕೊಟ್ರ ಎಷ್ಟು ಉಳೀತಾವ?"

ಬಾಳಾಸಾಹೇಬನ ಮಗ ಬೆರಳು ಮಡಿಸಿ, "ನೂರಾ ಹದಿನೈದ್ರಿ" ಎಂದ. ಹಿಂದೆ ಬಿಳಿಯವರ ನಡುವಿನಿಂದ ಒಂದು ದನಿ, ಯಾರಿಗೂ ಹೇಳದಂತೆ, ತನಗೆ ತಾನೇ ಹೇಳಿಕೊಂಡಿತು: "ನೂರಾ ಐದು."

"ಬರೋಬರಿ. ಯಾರದು?" ಸಾಹೇಬರು ತಿರುಗಿದರು. ಸೋಮವ್ವ ತಲೆ ತಗ್ಗಿಸಿದಳು.

"ಅಕಿ ಕುರುಬರಾಕಿ, ಹಿಂಡು ಎಣಿಸಿ ರೂಢಿ ಇರತೈತ್ರಿ," ಎಂದ ಪಾಂಡಪ್ಪ. ತಾನು ಏನು ಹೇಳಿದೆ ಎಂದು ಹೇಳಿದ ಮೇಲೆ ಅವನಿಗೆ ತಿಳಿಯಿತು. ಬಾಯಿಪಾಠ ಮಾಡ್ಯಾನ, ಕೂಡ್ರಲೇ. ಅದೇ ಮಾತು, ದನಿಯೂ ಹೆಚ್ಚು ಕಡಿಮೆ ಅದೇ.

ಸಾಹೇಬರ ಅವಲಕ್ಕಿ ಒಂದು ಸಮಾಚಾರಪತ್ರದ ತುಂಡಿನಲ್ಲಿ ಕಟ್ಟಿಕೊಂಡು ಬಂದಿತ್ತು. ಅವಲಕ್ಕಿಯನ್ನು ತಟ್ಟೆಗೆ ಸುರಿದು, ಕಾಗದವನ್ನು ತೊಡೆಯ ಮೇಲೆ ತೀಡಿ ನೆಟ್ಟಗೆ ಮಾಡಿ ಅವಳಿಗೆ ಕೊಟ್ಟರು. "ಓದವಾ ನೋಡೋಣ."

ಸೋಮವ್ವ ಓದಿದಳು. ಜಿಲ್ಲೆಯಲ್ಲಿ ಜೋಳದ ಬಿತ್ತನೆ ಮುಗಿದದ್ದು, ಹತ್ತಿಯ ಬೆಳೆಗೆ ಹುಳ ಬಿದ್ದದ್ದು. ನಿಧಾನವಾಗಿ ಓದಿದಳು, ಎಲ್ಲೂ ಎಡವಲಿಲ್ಲ. ಒಂದು ಕಡೆ ನಿಂತು, "ಇಲ್ಲೆ ಎಣ್ಣಿ ಆಗೇತ್ರಿ, ಅಕ್ಷರ ಕಾಣವಲ್ದು," ಎಂದು ಹೇಳಿ ಎಣ್ಣೆಯ ಕಲೆ ದಾಟಿ ಮುಂದೆ ಓದಿದಳು. ಪಾಂಡಪ್ಪನ ಕಿವಿ ಕಾದವು.

"ಯಾರು ಕಲಿಸಿದ್ರು ನಿನಗ?"

"ಯಾರೂ ಕಲಸಿಲ್ರಿ. ಕೆಂಪು ನೂಲಿನವ್ರು ಗಿಡದ ಬುಡಕ ಓದತಿದ್ರಲ್ರಿ. ಕೇಳಸ್ತಿತ್ತು."

ಸಾಹೇಬರು ಅವಳ ಎಡಗೈ ಎತ್ತಿ ನೋಡಿದರು. ಐದು ತಿಂಗಳ ನೂಲು ಮಣ್ಣು, ಅರಿಶಿನ, ಬೆವರು ಕುಡಿದು ಯಾವ ಬಣ್ಣ ಎಂದು ಹೇಳಲಾಗದಂತಾಗಿತ್ತು. "ಶನಿವಾರಕ್ಕೊಮ್ಮೆ ಬಿಚ್ಚತೀನಿ ಅಂದ್ರಲ್ರೀ ಮಾಸ್ತರ," ಎಂದಷ್ಟೇ ಹೇಳಿದರು. ಬೈದಿದ್ದರೆ ಪಾಂಡಪ್ಪ ಬದುಕುತ್ತಿದ್ದ. ಹೊರಡುವಾಗ ಅಭಿಪ್ರಾಯ ಬರೆಯುವ ಶೇರಾ ಪುಸ್ತಕದಲ್ಲಿ ಎರಡು ಸಾಲು ಬರೆದರು: 'ಗುಂಪುಗಳ ಪದ್ಧತಿ ಯೋಗ್ಯವಾಗಿದೆ. ಶಿಕ್ಷಕರು ನೂಲಿನ ಜೊತೆಗೆ ಮಕ್ಕಳನ್ನೂ ನೋಡತಕ್ಕದ್ದು.'

ಪಾಂಡಪ್ಪ ಆ ಎರಡು ಸಾಲುಗಳನ್ನು ನಿಂತು ಓದಿದ, ಕೂತು ಓದಿದ. ಸಾಹೇಬರ ಮೇಲೆ ಸಿಟ್ಟು ಬಂತು, ಅದು ನಿಲ್ಲಲಿಲ್ಲ. ಸಾತವ್ವನ ಮೇಲೆ ಸಿಟ್ಟು ಬಂತು, ಅದೂ ನಿಲ್ಲಲಿಲ್ಲ. ಪುಸ್ತಕ ಮುಚ್ಚಿ, ಕಾಲಲ್ಲಿ ಚಪ್ಪಲಿ ಮೆಟ್ಟಿ ಕಾಶಪ್ಪನ ಹಟ್ಟಿಯ ಕಡೆ ಹೊರಟ. ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಹೋದ. ಎದುರಿಗೆ ಬಂದವರು ತಮ್ಮನ್ನೇ ಬೈಯುತ್ತಿದ್ದಾನೆಂದು ದಾರಿ ಬಿಟ್ಟು ನಿಂತರು.

ಹೊತ್ತು ಮುಳುಗುತ್ತಿತ್ತು. ಕಾಶಪ್ಪ ತಟ್ಟಿಯ ಬಾಯಲ್ಲಿ ಕೋಲು ಹಿಡಿದು ನಿಂತು ಕುರಿ ಬೇರೆ ಮಾಡುತ್ತಿದ್ದ. ಕಂಬಳಿ, ಗಡಿಗೆ, ಬುತ್ತಿಯ ಗಂಟು ಕತ್ತೆಯ ಮೇಲೆ ಹೇರಲು ತಯಾರಾಗಿ ನೆಲದ ಮೇಲಿದ್ದವು. ಸೋಮವ್ವ ಒಂದು ಮರಿಯನ್ನು ಎತ್ತಿಕೊಂಡು ನಿಂತಿದ್ದಳು.

"ಕಾಶಪ್ಪಣ್ಣಾ, ಸೋಮವ್ವನ ಕರಕೊಂಡ ಹೋಗಬ್ಯಾಡ."

"ನಿಂದರ್ರಿ," ಎಂದ ಕಾಶಪ್ಪ. ಕೊನೆಯ ಕುರಿ ಒಳಗೆ ಹೋಗುವ ತನಕ ತಿರುಗಿ ನೋಡಲಿಲ್ಲ. ಆಮೇಲೆ ತಟ್ಟಿ ಮುಚ್ಚಿ ಹೇಳಿದ: "ನೀವ ಹೇಳಿದ್ರಿ, ಬಿಳೀ ನೂಲಿನ್ಯಾಗ ಅದಾಳು ಅಂತ. ಹಿಂಡು ನಾಳೆ ಏಳತೈತಿ. ಈಗ ಬಂದು ಬ್ಯಾಡ ಅಂತೀರಿ?"

"ಅಕಿ ಓದತಾಳೋ! ಸಮಾಚಾರಪತ್ರ ಓದಿದಳು ಇವತ್ತ!"

"ಇವತ್ತ ಸಾಹೇಬ ಬಂದಿದ್ದ, ಅದಕ್ಕ ನಿಮಗ ಕಂಡಿತು. ನಿನ್ನೆ ಎಲ್ಲಿ ಹೋಗಿತ್ತು ಅಕಿ ಓದು?"

ಸಿಕ್ಕಿಬಿದ್ದವನು ಮಾಡುವುದನ್ನೇ ಪಾಂಡಪ್ಪ ಮಾಡಿದ. ಹಟ್ಟಿಯ ಮುಂದೆ ಕೂತಿದ್ದ ಸಾತವ್ವನ ಮೇಲೆ ಎಗರಿದ. "ನೀನಬೇ ಆಯಿ, ನೀನ ಕೆಡಿಸಿದಿ! ಅದು ದೇವರ ನೂಲಲ್ಲ, ಬನಹಟ್ಟಿ ಮಗ್ಗದ ಕಸಾ! ಬಿಚ್ಚಬ್ಯಾಡ, ಬಿಚ್ಚಬ್ಯಾಡ ಅಂತ ಒದರಿ ಕೂಸಿನ ತಲಿ ಮ್ಯಾಲ ಕಲ್ಲ ಹಾಕಿದಿ!"

ಸಾತವ್ವ ಎದ್ದು ನಿಂತಳು. ಎಪ್ಪತ್ತರ ಮುದುಕಿ, ಬೆನ್ನು ನೆಟ್ಟಗಿತ್ತು. "ನನಗ ಅಕ್ಷರ ಬರೂದಿಲ್ಲೋ ತಮ್ಮಾ. ನನಗ ನೂಲು ಕಾಣಸ್ತು, ಭಂಡಾರ ಕಾಣಸ್ತು. ನಿನಗ ಅಕ್ಷರ ಬರತಾವ. ನಿನಗೇನು ಕಾಣಸ್ತು? ಕಸಾ ಅಂತ ಅವತ್ತ ಹೇಳಬೇಕಿತ್ತು. ಆತು ಬಿಡಬೇ ಅಂದಾಂವ ಯಾರು?"

ಅವನು ಸೋಮವ್ವನ ಕಡೆ ತಿರುಗಿದ. ಅವಳನ್ನೂ ಬೈಯಲು ಬಾಯಿ ತೆರೆದಿದ್ದ, ನಾಚಿಕೆಗೇಡಿ. "ನೀನರ ಹೇಳಬಾರದೇನು? ನನಗ ಬರತೈತ್ರಿ ಅಂತ ಒಂದ ಮಾತು?"

"ನೀವು ಕೇಳಲಿಲ್ರಿ," ಎಂದಳು ಸೋಮವ್ವ. ದೂರಿನ ದನಿಯೂ ಅಲ್ಲ. "ಶನಿವಾರಕ್ಕೊಮ್ಮೆ ಎದ್ದು ನಿಂದರತಿದ್ದೆ. ನನ್ನ ದಾಟಿ ಮುಂದಿನವರನ್ನ ಕರೀತಿದ್ರಿ. ಮತ್ತ ಕೂಡತಿದ್ದೆ."

ಎದ್ದು ನಿಲ್ಲುತ್ತಿದ್ದಳು! ಪ್ರತಿ ಶನಿವಾರ ಎದ್ದು ನಿಲ್ಲುತ್ತಿದ್ದಳು. ಅವನು ನೋಡಿರಲೇ ಇಲ್ಲ. ಇಪ್ಪತ್ತು ವರ್ಷದಿಂದ ಒಬ್ಬ ಮುದುಕ ಮಾಸ್ತರರನ್ನು ದಿನಕ್ಕೊಮ್ಮೆ ಶಪಿಸುತ್ತ ಬಂದಿದ್ದ; ಆ ಶಾಪವೆಲ್ಲ ತಿರುಗಿ ಬಂದು ಎದೆಗೆ ಬಡಿಯಿತು. ಆ ಮಾಸ್ತರರಾದರೂ ಗುಂಪಿನ ಮಾತಾಡಿ ಸೊಕ್ಕು ಮಾಡಿರಲಿಲ್ಲ. ಪಾಂಡಪ್ಪ ಎರಡೂ ಕೈ ಜೋಡಿಸಿದ. "ತಪ್ಪು ನಂದು," ಎಂದ. "ಕಾಶಪ್ಪಣ್ಣಾ, ಆಯಿ, ತಪ್ಪು ನಂದು. ಬೈರಿ, ಬೇಕಾದ್ರ ಕೋಲಿನಿಂದ ಹೊಡೀರಿ. ಕೂಸಿನ ಬಿಡ್ರಿ."

ಕಾಶಪ್ಪ ಹೊಡೆಯುವವನಲ್ಲ, ಕರಗುವವನೂ ಅಲ್ಲ. "ಮರಿ ನೂರಾರು ಅದಾವು. ನನಗ ಒಂದು ಕೂಸು ಬೇಕ ಬೇಕು. ಹಂಗಾರ ಈಗ ಮತ್ತ ಹೇಳ್ರಿ. ಯಾರು ಸಾಲಿಗೆ, ಯಾರು ಕುರಿಗೆ? ಆರಸ್ರಿ."

ರಾಮಣ್ಣ ಅಲ್ಲೇ ಕತ್ತೆಯ ಹಗ್ಗ ಹಿಡಿದು ನಿಂತಿದ್ದ. ಅಕ್ಕಪಕ್ಕ ಇಬ್ಬರು ಮಕ್ಕಳು, ಮುಂದೆ ಒಬ್ಬ ಮಾಸ್ತರ. ಒಬ್ಬರನ್ನು ಬಾಗಿಲ ಬಳಿ ಕೂಡಿಸಬೇಕು, ಜನ್ಮಪೂರ್ತಿ. ಪಾಂಡಪ್ಪನಿಗೆ ಮೈಯೆಲ್ಲ ಉರಿಯಿತು.

"ಆರಸೂದಿಲ್ಲ!" ಎಂದು ಕೂಗಿದ. ತಟ್ಟಿಯೊಳಗಿನ ಕುರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. "ಆರಸೂದಿಲ್ಲ ನಾ! ಈಗ ತಟ್ಟಿ ಮುಚ್ಚಿದೆಲ್ಲ, ಕುಂಟೂ ಕುರಿ ಅತ್ತಲಾಗ ಹಾಕಿದಿ. ಸಾಯೂತನ ಅಲ್ಲೇ ಹಾಕತೀಯೇನು? ನಾಳೆ ಸಂಜೀಕ ಮತ್ತ ನೋಡೂದಿಲ್ಲೇನು? ಕುರಿಗಿರೂ ನ್ಯಾಯ ನಿನ್ನ ಮಕ್ಕಳಿಗಿಲ್ಲೇನೋ? ಸಂಕ್ರಾಂತಿ ತನಾ ರಾಮಣ್ಣ ನಿನ್ನ ಜೋಡಿ ಬರ್ಲಿ, ಪಾಟಿ ಪುಸ್ತಕ ಕೊಟ್ಟ ಕಳಸ್ತೇನಿ. ಸಂಕ್ರಾಂತಿಗೆ ಸೋಮವ್ವನ ನಾನ ತುಬಚಿಗೆ ಕರಕೊಂಡ ಬರ್ತೇನಿ, ರಾಮಣ್ಣನ ತಿರಿಗಿ ಒಯ್ತೇನಿ. ಯುಗಾದಿಗೆ ಮತ್ತ ನೋಡೂಣು."

ಕಾಶಪ್ಪ ತಟ್ಟಿಯ ಕಡೆ ನೋಡಿದ. ಹಿಂಡಿನ ಮಾತು ಅವನಿಗೆ ತಿಳಿಯುವ ಮಾತಾಗಿತ್ತು. "ಸಂಕ್ರಾಂತಿ ತನಾ," ಎಂದ. "ಒಂದು ದಿನ ಹೆಚ್ಚಿಲ್ಲ, ಮಾಸ್ತರ್ರ. ನೀವು ಬರಲಿಲ್ಲಂದ್ರ ನಾ ಬರತೇನಿ, ಆವಾಗ ಮಾತು ಇರೂದಿಲ್ಲ." ರಾಮಣ್ಣನಿಗಂತೂ ಹಬ್ಬವಾಯಿತು, ಉಕ್ತಲೇಖನಕ್ಕಿಂತ ಹೊಳೆ ದಂಡೆ ಎಷ್ಟೋ ಪಾಲು ಮೇಲು.

ಮರುದಿನ ಶನಿವಾರ. ಹಿಂಡು ನಸುಕಿನಲ್ಲೇ ಎದ್ದು ಹೋಗಿತ್ತು. ಪಾಂಡಪ್ಪ ಪೌಳಿಯಲ್ಲಿ ನೂಲಿನ ಗಂಟು ಬಿಚ್ಚಿ ಕೂತಿದ್ದಾಗ ಸಾತವ್ವ ಮೊಮ್ಮಗಳ ಕೈ ಹಿಡಿದು ಬಂದಳು. ಮೊದಲು ಒಳಗೆ ಹೋಗಿ ಬೀರಪ್ಪನ ಮುಂದೆ ಏನೋ ಹೇಳಿಕೊಂಡಳು, ತಪ್ಪು ಕೇಳಿಕೊಂಡಳೋ ಜಗಳವಾಡಿದಳೋ ಗೊತ್ತಿಲ್ಲ. ಹೊರಗೆ ಬಂದು ಕೂತು ಸೋಮವ್ವನ ಎಡಗೈಯ ಗಂಟನ್ನು ತಾನೇ ಬಿಚ್ಚಿದಳು. ನೂಲಿನ ಕೆಳಗೆ ಚರ್ಮ ಬೆಳ್ಳಗಾಗಿತ್ತು.

"ಬಿಚ್ಚೇನಿ. ಆದ್ರ ಇದು ನೆಲಕ್ಕ ಬೀಳಬಾರದು," ಎಂದಳು. "ಹಿಂಡು ಇನ್ನೂ ತಿರಿಗಿ ಬಂದಿಲ್ಲ. ಯಾರದರ ಕೈಯಾಗ ಇರಬೇಕು."

ಪಾಂಡಪ್ಪ ಈ ಸಲ ಕಸ ಎನ್ನಲಿಲ್ಲ. ಎರಡೂ ಕೈ ಮುಂದೆ ಚಾಚಿದ. "ನನಗ ಕಟ್ಟರಿ. ಸೋಮವ್ವ, ನೀ ಕಟ್ಟು."

ಉಳಿದ ಮಕ್ಕಳೆಲ್ಲ ಪಾಟಿ ಬಿಟ್ಟು ನೋಡುತ್ತಿದ್ದರು. ಸೋಮವ್ವ ನೂಲು ಹಿಡಿದು ಯೋಚನೆಗೆ ಬಿದ್ದಳು.

"ಯಾವ ಕೈಗ್ರಿ ಮಾಸ್ತರ? ಓದಾಕ ಎಡಗೈ, ಲೆಕ್ಕಕ್ಕ ಬಲಗೈ. ನಿಮಗ ಎರಡೂ ಬರತಾವಲ್ರಿ."

"ನೋಡಾಕ ಯಾವ ಕೈಯೋ, ಅದಕ್ಕ ಕಟ್ಟು."

ಅವಳು ಬಲಗೈಗೆ ಕಟ್ಟಿದಳು. ಎರಡು ಗಂಟು ಹಾಕಿ ಎಳೆದು ಬಿಗಿ ಮಾಡಿದಳು. ಆಮೇಲೆ ಮಾಸ್ತರ ದಿನಾ ಹೇಳುವ ಧಾಟಿಯಲ್ಲೇ, ಮುಖದ ಮೇಲೆ ನಗೆಯಿಲ್ಲದೆ ಹೇಳಿದಳು: "ಮುಂದಿನ ಶನಿವಾರ ನೋಡೂಣ್ರಿ."

ಮುಂದಿನ ಶನಿವಾರ ನೋಡಿದಳು. ಎಡಗೈಯಲ್ಲಿ ಕೆಂಪು ನೂಲು ಕಟ್ಟಿಸಿಕೊಂಡು, ಮಾಸ್ತರ ಒಬ್ಬೊಬ್ಬರನ್ನೇ ಕರೆದು ಕೇಳುವ ತನಕ ಪಕ್ಕದಲ್ಲಿ ನಿಂತಿದ್ದು, ಅವನ ನೂಲು ಬಿಚ್ಚದೆ ಹೋದಳು. ಅದರ ಮುಂದಿನ ಶನಿವಾರ ಪಾಂಡಪ್ಪ ಮೂಲೆಯಲ್ಲಿ ಕೂತ ಒಬ್ಬ ಚಿಕ್ಕ ಹುಡುಗನನ್ನು ಕರೆಯಲು ಮರೆತ. ಸೋಮವ್ವ ಆ ಹುಡುಗನ ಕಡೆ ನೋಡಿ, ಮಾಸ್ತರನ ಕಡೆ ನೋಡಿ, ತಲೆ ಅಲ್ಲಾಡಿಸಿದಳು. ಆ ದಿನ ಪಾಂಡಪ್ಪ ಇಡೀ ಊರಿನ ಮೇಲೆ ಹರಿಹಾಯ್ದ.

ಸಂಕ್ರಾಂತಿಗೆ ಮಾತಿನಂತೆ ಇಬ್ಬರೂ ತುಬಚಿಯ ದಾರಿ ಹಿಡಿದರು. ಅವಳ ಗಂಟಿನಲ್ಲಿ ಪಾಟಿಯೂ ಮೂರನೆಯ ಪುಸ್ತಕವೂ ಇದ್ದವು. ಹೊಳೆಯ ದಂಡೆಯ ಹೊಲದಲ್ಲಿ ಹಿಂಡು ಕಂಡಾಗ ಅವಳು ನಿಂತು, ಮಾಸ್ತರನ ಬಲಗೈ ಹಿಡಿದು ಗಂಟು ಬಿಚ್ಚತೊಡಗಿದಳು. ಬೆರಳಿಗೆ ಬಾರದೆ ಹಲ್ಲು ಹಚ್ಚಬೇಕಾಯಿತು.

"ಆತೇನು? ಪಾಸಾದೆನೇನು ನಾ?" ಎಂದ ಪಾಂಡಪ್ಪ, ಸಿಟ್ಟಿನಲ್ಲೇ.

"ಗೊತ್ತಿಲ್ರಿ," ಎಂದಳು ಸೋಮವ್ವ. "ನಾಳೆಯಿಂದ ನಾ ಅಲ್ಲಿ ಇರೂದಿಲ್ಲ. ನಿಮ್ಮನ್ನ ನೋಡಾವ್ರು ಬೇಕಲ್ರಿ." ನೂಲನ್ನು ತಿರುವಿ, ಹೊಸದಾಗಿ ಸಾಲೆಗೆ ಬಂದವರಿಗೆ ಕಟ್ಟುವಂತೆ ಅವನ ಎಡಗೈಗೆ ಕಟ್ಟಿ, ಕುರಿಗಳ ಕಡೆ ಓಡಿದಳು.